ಗರಿ ಡಾಟ್ ನ್ಯೂಬಾರ್ನ್

"ಮುಖ ಎಲ್ಲಿದೆ ಇದರಲ್ಲಿ? ಬರೀ ಕೈ!" ಎಂದಳು ಬೋರ್ಡಕ್ಕನ ತಂಗಿ. ಅದೇ ವಿಡಿಯೋ ಆರನೇ ಸಲ ಓಡುತ್ತಿತ್ತು.

"ಕೈಯೇ ಸಾಕು ಕಣೇ," ಎಂದಳು ಬೋರ್ಡಕ್ಕ, ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ. "ಮುಖ ಸುಳ್ಳು ಹೇಳೋದನ್ನ ಬೇಗ ಕಲಿತುಬಿಡುತ್ತೆ. ಕೈಗೆ ಅಷ್ಟು ಬುದ್ಧಿ ಇಲ್ಲ."

ಪರದೆಯ ಮೇಲೆ ಎಳೆ ಕೂಸುಗಳನ್ನು ತೂಗುವ ಯಂತ್ರ. ತೊಟ್ಟಿಲಿನ ಹಾಗೆ ಬಾಗಿದ ಬಿಳಿ ತಟ್ಟೆ, ಅದರ ಅಂಚಿಗೆ ನೀಲಿ ಗರಿಯ ಗುರುತು. ಬಿಳಿ ಕೋಟಿನ ತೋಳೊಂದು ಚಾಚಿ ಬರುತ್ತದೆ. ಮೂರು ಕಿಲೋ ತೂಕದ ಕಲ್ಲನ್ನು (ಹೆಸರಿಗೆ ಕಲ್ಲು, ಹಿತ್ತಾಳೆಯದು) ತಟ್ಟೆಯಲ್ಲಿ ಇಡುತ್ತದೆ. ಯಂತ್ರ ತೋರಿಸುವುದು ಎರಡು ಕಿಲೋ ಒಂಬೈನೂರ ನಲವತ್ತು. ಕೆಳಗೆ ಕೆಂಪಕ್ಷರದಲ್ಲಿ ಒಂದು ಸಾಲು: 'ನಿಮ್ಮ ಕೂಸಿನ ಅರವತ್ತು ಗ್ರಾಂ ಯಾರ ಹೊಟ್ಟೆಗೆ ಹೋಯಿತು?'

ಒಂಬತ್ತು ದಿನದ ಹಿಂದೆ 'ಗರಿ ಡಾಟ್ ನ್ಯೂಬಾರ್ನ್' ಎಂಬ ಹೊಸ ವಿಳಾಸದಲ್ಲಿ ಇದು ಹುಟ್ಟಿತ್ತು. ಅಷ್ಟರಲ್ಲೇ ನಾಲ್ಕು ಹೆರಿಗೆ ಆಸ್ಪತ್ರೆಗಳು ಗರಿ ಯಂತ್ರಗಳನ್ನು ಮೂಲೆಗೆ ಸರಿಸಿದ್ದವು.

ಈಗ ಮಧ್ಯಾಹ್ನ ಎರಡೂವರೆ. ಸರಿಯಾಗಿ ನಾಲ್ಕು ಗಂಟೆಗೆ ಗರಿ ಕಾರ್ಖಾನೆಯ ಯಜಮಾನರು ತಮ್ಮ ಸ್ವಂತ ತಮ್ಮನ ಹೆಂಡತಿಯ ಮೇಲೆ ಪೊಲೀಸ್ ದೂರಿಗೆ ಸಹಿ ಹಾಕುವವರಿದ್ದರು. ದೂರು ಟೈಪಾಗಿ ಅವರ ಮೇಜಿನ ಮೇಲೆ ಕೂತಿತ್ತು. ಆ ತಮ್ಮನ ಹೆಂಡತಿ, ಮನೆಯ ಕಿರಿಸೊಸೆ, ಕಾರ್ಖಾನೆಯ ತನ್ನ ಕ್ಯಾಬಿನ್ನಿನಲ್ಲೇ ಬೋರ್ಡಕ್ಕನ ಎದುರು ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ನಾನಲ್ಲ ಬೋರ್ಡಕ್ಕ."

"ನೀನೇ ಅಂತ ನಾನು ಅಂದ್ನಾ?"

"ನೀವೊಬ್ಬರೇ ಅಂದಿಲ್ಲ. ಇಂಟರ್ನೆಟ್ಟು ಅಂದ್ರೆ ಈ ಮನೇಲಿ ನಾನೇ. ವೈಫೈ ನಿಂತರೂ ನನ್ನ ಮುಖ ನೋಡ್ತಾರೆ, ಮಾನ ಹೋದರೂ ನನ್ನ ಮುಖ ನೋಡ್ತಾರೆ."

"ಯಾಕೆ ಮಾಡಿದೆ ಅಂತಾರೆ?"

"ಇನ್ಯಾಕೆ? ವಾರಗಿತ್ತಿ ಮೇಲೆ ಹೊಟ್ಟೆಕಿಚ್ಚು. ಪರೀಕ್ಷೆ ಕೋಣೆ ಅಕ್ಕಂದು. ಯಂತ್ರ ತಪ್ಪು ತೂಗಿತು ಅಂದ್ರೆ ಮೊದಲು ಬೀಳೋದು ಅಕ್ಕನ ತಲೆ. ಅದನ್ನ ಉರುಳಿಸೋಕೆ ನಾನು ಇಡೀ ಕಾರ್ಖಾನೆ ಮಾನ ಹರಾಜು ಹಾಕಿದೆನಂತೆ. ನಮ್ಮವರು ಆಸ್ಪತ್ರೆ ಆಸ್ಪತ್ರೆ ತಿರುಗಿ ಕೈ ಮುಗೀತಾ ಇದ್ದಾರೆ. ಅವರಿಗೆ ಈ ದೂರಿನ ವಿಷಯ ಇನ್ನೂ ಗೊತ್ತಿಲ್ಲ."

ಬೋರ್ಡಕ್ಕನಿಗೆ ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಆ ಪಾಪದ ಅಡಿಯಲ್ಲಿ, ಅನ್ನದ ತಳ ಹಿಡಿದ ಹಾಗೆ, ಇನ್ನೊಂದು ಏನೋ ಕರಟಿ ಹಿಡಿದಿತ್ತು.

ಯಾಕೆಂದರೆ ಒಂದೂವರೆ ವರ್ಷದ ಹಿಂದೆ ಬೋರ್ಡಕ್ಕನ ಅನ್ನಕ್ಕೆ ಕಲ್ಲು ಹಾಕಿದವಳು ಇದೇ ಹುಡುಗಿ.

ಬೋರ್ಡಕ್ಕ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದವಳು. ಏಣಿ ಹತ್ತಿ, ಬಾಯಲ್ಲೊಂದು ಕುಂಚ ಕಚ್ಚಿ, ಕೈಯಲ್ಲೊಂದು ಹಿಡಿದು, ಹದಿನಾರು ವರ್ಷ. ಛಾಪಿಸಿದ ಬ್ಯಾನರುಗಳು ಬಂದು ಕುಂಚ ಒಣಗಿದ ಮೇಲೆ, ಬೇರೆಯವರ ಹೆಸರು ಕದ್ದು ಅಂಗಡಿ ಹಾಕುವವರನ್ನು ಹಿಡಿಯುವ ಕೆಲಸಕ್ಕಿಳಿದಳು. ಯಾವ ಅಕ್ಷರ ಯಾರ ಕೈಯದ್ದು ಎಂದು ಬೀದಿಯ ಈ ತುದಿಯಿಂದ ಆ ತುದಿಗೆ ಹೇಳಬಲ್ಲವಳಿಗೆ ಅದೇನು ಮಹಾ? ಅಂಗಡಿಗಳು ಇಂಟರ್ನೆಟ್ಟಿಗೆ ಹೋದವು, ಕಳ್ಳರೂ ಹೋದರು, ಅವರ ಬೆನ್ನಿಗೆ ಬೋರ್ಡಕ್ಕನೂ ಹೋದಳು. ಗರಿಯ ಹೆಸರನ್ನು ಹನ್ನೊಂದು ವರ್ಷ ಕಾದಳು. ಆಮೇಲೆ ಈ ಕಿರಿಸೊಸೆ ಬಂದು, "ಕಾಲಕ್ಕೆ ತಕ್ಕ ಹಾಗೆ" ಎಂದು, ಆ ಕೆಲಸವನ್ನು ಗಾಜಿನ ಆಫೀಸಿನ ಏಜೆನ್ಸಿಯೊಂದಕ್ಕೆ ಒಪ್ಪಿಸಿದಳು. ಏಜೆನ್ಸಿಯ ಒಡತಿ ಯಾರು? ಬೋರ್ಡಕ್ಕನ ಕೈಯಲ್ಲೇ ಅ ಆ ಇ ಈ ಕಲಿತ ಶಿಷ್ಯೆ.

ಹೊಟ್ಟೆ ಉರಿಯದೆ ಇನ್ನೇನಾದೀತು?

"ನಿಮ್ಮನ್ನ ತೆಗೆಸಿದವಳು ನಾನೇ," ಎಂದಳು ಕಿರಿಸೊಸೆ, ಅವಳ ಮನಸ್ಸಿನೊಳಗೆ ಇಣುಕಿದವಳಂತೆ. "ಆದರೂ ನಿಮ್ಮನ್ನೇ ಕರೆದೆ. ನನ್ನ ಮಾತು ನಂಬೋರು ಇನ್ಯಾರೂ ಉಳಿದಿಲ್ಲ."

"ನಂಬಿದೆ ಅಂತ ಇನ್ನೂ ಹೇಳಿಲ್ಲ. ಹೆಸರು ನೋಂದಣಿಯಾದ ಕಾಗದ ಕೊಡು."

ಒಂದು ಹಾಳೆ. ಯಾರು ತೆಗೆದುಕೊಂಡರು ಎಂಬ ಜಾಗ ಮುಚ್ಚಿತ್ತು. ಅದನ್ನು ಮುಚ್ಚಿಡಲು ಎಲ್ಲರಿಗೂ ಹಕ್ಕಿದೆ. ತಾರೀಖು ಮಾತ್ರ ಬಿಚ್ಚಿಟ್ಟ ಹಾಗಿತ್ತು. ಹೋದ ತಿಂಗಳ ಹನ್ನೊಂದು.

ಬೋರ್ಡಕ್ಕನ ಬೆರಳು ಅಲ್ಲೇ ನಿಂತಿತು.

"ಈ ನ್ಯೂಬಾರ್ನ್ ಅನ್ನೋ ಬಾಲ ಊರಿಗೆಲ್ಲ ಸಿಗೋಕೆ ಶುರುವಾದದ್ದು ಯಾವಾಗ?"

"ಇಪ್ಪತ್ತೈದಕ್ಕೆ."

"ಬಾಲ ಅಂದ್ರೆ?" ಎಂದಳು ತಂಗಿ. ಅಕ್ಕನ ಆಫೀಸಿನಲ್ಲಿ ಫೋನು, ಪತ್ರ, ಚಹಾ ಎಲ್ಲವನ್ನೂ ನೋಡಿಕೊಳ್ಳುವವಳು ಅವಳು. ಅಕ್ಕ ವಿವರಿಸುವುದನ್ನು ಕೇಳಲು ಅವಳಿಗೆ ಬಲು ಇಷ್ಟ. ಗೊತ್ತಿದ್ದದ್ದನ್ನೂ ಗೊತ್ತಿಲ್ಲವೆಂದು ಕೇಳುತ್ತಿದ್ದಳು.

"ಅದೇ ಕಣೇ, ಹೆಸರಾದ ಮೇಲೆ ಒಂದು ಚುಕ್ಕೆ, ಚುಕ್ಕೆ ಮುಂದೆ ಬಾಲ. ಮೊದಲು ಡಾಟ್ ಕಾಮ್, ಡಾಟ್ ನೆಟ್ ಅಂತ ಬೆರಳೆಣಿಕೆ ಬಾಲಗಳಿದ್ದವು. ಅಷ್ಟನ್ನ ಹಿಡಿದುಕೊಂಡರೆ ಮಾನ ಉಳಿತಿತ್ತು. ಈಗ ವರ್ಷಕ್ಕೆ ಹತ್ತಾರು ಹೊಸ ಬಾಲ. ಯಾವನು ಬೇಕಾದರೂ ನಿನ್ನ ಹೆಸರಿಗೆ ಹೊಸ ಬಾಲ ಅಂಟಿಸಿ ಬೀದಿಲಿ ಓಡಿಸಬಹುದು. ಅದಕ್ಕೇ ಹೊಸ ಬಾಲ ಹುಟ್ಟಿದಾಗ ಮೊದಲ ಮೂವತ್ತು ದಿನ ಬಾಗಿಲು ಎಲ್ಲರಿಗೂ ತೆಗೆಯಲ್ಲ. ಹೆಸರಿನ ಮಾಲೀಕರಿಗೆ ಮಾತ್ರ. ಅವರ ಹತ್ರ ಒಂದು ಗುರುತಿನ ಕಡತ ಇರುತ್ತೆ. 'ಈ ಹೆಸರು ನಮ್ಮದು' ಅಂತ ಸಾಕ್ಷಿ ಹೇಳೋ ಕಡತ. ಅದನ್ನ ತೋರಿಸಿದರೆ ಒಳಗೆ ಬಿಡ್ತಾರೆ, ಇಲ್ಲಾಂದ್ರೆ ಇಲ್ಲ."

ಕಿರಿಸೊಸೆ ಎದ್ದು ನಿಂತಳು. "ಹನ್ನೊಂದಕ್ಕೆ... ಅಂದ್ರೆ ಬಾಗಿಲು ತೆಗೆಯೋಕೆ ಮುಂಚೆ!"

"ಹೌದು. ಹೊರಗಿನ ಕಳ್ಳ ಗೋಡೆ ಹಾರಿಲ್ಲ. ಯಾರೋ ಬೀಗದ ಕೈ ಹಾಕಿ, ಚಪ್ಪಲಿ ಬಿಟ್ಟು, ಮರ್ಯಾದೆಯಾಗಿ ಒಳಗೆ ಬಂದಿದ್ದಾರೆ."

"ಆ ಕಡತ ನನ್ನ ಹತ್ರ ಇಲ್ಲ. ಏಜೆನ್ಸಿ ಹತ್ರ ಮಾತ್ರ."

"ಸರಿಹೋಯ್ತು!" ತಂಗಿ ಎರಡು ಕೈ ತಟ್ಟಿದಳು. "ಅಂದ್ರೆ ನಿನ್ನ ಮುದ್ದಿನ ಶಿಷ್ಯೆ! ತಾನೇ ಬೆಂಕಿ ಇಟ್ಟು ತಾನೇ ಆರಿಸಿ ಶಹಭಾಸ್ ಅನ್ನಿಸಿಕೊಳ್ಳೋ ಹುನ್ನಾರ. ನಾನು ಅವತ್ತೇ ಹೇಳಿದ್ದೆ. ಒಡಹುಟ್ಟಿದವಳನ್ನ ಬಿಟ್ಟು ಊರವಳಿಗೆ ವಿದ್ಯೆ ಧಾರೆ ಎರೆದೆ. ಹಿತ್ತಲ ಗಿಡ ಮದ್ದಲ್ಲ ಅಲ್ವಾ ಅಕ್ಕ?"

ನಗುತ್ತಲೇ ಅಂದಳು. ಅವಳ ಮಾತುಗಳೆಲ್ಲ ನಗುವಿನಲ್ಲೇ ಸುತ್ತಿಕೊಂಡು ಬರುತ್ತಿದ್ದವು.

ಬೋರ್ಡಕ್ಕನ ಎದೆಯಲ್ಲಿ ಬೆಲ್ಲ ಕರಗಿದ ಹಾಗಾಯಿತು. ಶಿಷ್ಯೆ! ಆ ಗಾಜಿನ ಆಫೀಸು, ಆ ತಿರುಗುವ ಕುರ್ಚಿ, ಬಾಗಿಲಲ್ಲಿ ಕೂತು "ಅಪಾಯಿಂಟ್‌ಮೆಂಟ್ ಇದೆಯಾ?" ಎಂದು ಕೇಳುವ ಹುಡುಗಿ, ಎಲ್ಲ ಒಂದೇ ಏಟಿಗೆ ಪುಡಿ. ಆ ಸಿಹಿಯನ್ನು ಅವಳು ನಾಲಿಗೆಯ ಮೇಲೆ ಒಂದು ಗಳಿಗೆ ಇಟ್ಟುಕೊಂಡಳು. ಆಮೇಲೆ ಉಗುಳಿದಳು. ಬೋರ್ಡು ಬರೆಯುವಾಗ ಕಲಿತ ಪಾಠ ಅದು: ಕಣ್ಣಿಗೆ ತುಂಬ ಚೆಂದ ಕಂಡ ಗೆರೆಯನ್ನು ಮೊದಲು ದಾರ ಹಿಡಿದು ನೋಡಬೇಕು.

"ಮೊದಲು ಕೈ. ಆಮೇಲೆ ಕಡತ," ಎಂದಳು.

"ಕೈಯಲ್ಲಿ ಏನಿದೆ? ಹೊತ್ತು ಹೋಗ್ತಾ ಇದೆ, ಶಿಷ್ಯೆಗೆ ಫೋನ್ ಹಚ್ಚು," ಎಂದಳು ತಂಗಿ.

ಬೋರ್ಡಕ್ಕ ವಿಡಿಯೋ ನಿಲ್ಲಿಸಿದಳು. ಎಲ್ಲರ ಕಣ್ಣೂ ಕೆಂಪಾಗಿ ಹೊಳೆಯುವ ಅಂಕಿಗಳ ಮೇಲೆ. ಇವಳ ಕಣ್ಣು ಮಾತ್ರ ಬೆರಳುಗಳ ಮೇಲೆ. ತೂಕದ ಕಲ್ಲಿಗೂ ಬೆರಳಿಗೂ ನಡುವೆ ಅಂಗೈಯಗಲದ ಹಳದಿ ಬಟ್ಟೆ. ಇಡುವ ಮುಂಚೆ ಕಿರುಬೆರಳು ಬಟ್ಟೆಯ ಮೂಲೆಯನ್ನು ಒಳಕ್ಕೆ ಮಡಚುತ್ತದೆ. ಇಟ್ಟ ಮೇಲೆ ಒಮ್ಮೆ ಒರೆಸುತ್ತದೆ. ಕೆಟ್ಟ ಕೆಲಸ ಮಾಡುತ್ತಿರುವ ಕೈಗೂ ಒಳ್ಳೆಯ ಅಭ್ಯಾಸ ಬಿಟ್ಟುಹೋಗಿಲ್ಲ.

"ಈ ಬಟ್ಟೆ ಯಾತಕ್ಕೆ?"

"ಬರಿಗೈಯಲ್ಲಿ ಮುಟ್ಟಿದರೆ ಬೆವರು, ಎಣ್ಣೆ ಅಂಟಿ ಕಲ್ಲಿನ ತೂಕ ಕೆಡುತ್ತಂತೆ. ಪರೀಕ್ಷೆ ಕೋಣೆಯವರೆಲ್ಲ ಹಾಗೇ ಹಿಡಿಯೋದು," ಎಂದಳು ಕಿರಿಸೊಸೆ. ಹೇಳುತ್ತಾ ಹೇಳುತ್ತಾ ನಿಧಾನವಾದಳು. "ಒಂಬತ್ತು ದಿನದಿಂದ ನೋಡ್ತಿದ್ದೀವಿ. ಯಾರಿಗೂ ಇದು..."

"ಮೂಗಿನ ತುದಿ ಯಾರ ಕಣ್ಣಿಗೆ ಕಾಣುತ್ತೆ? ನೀನು ಆ ಕೋಣೇಲಿ ಎಷ್ಟು ದಿನ ಕೂತಿದ್ದೀಯ?"

"ಒಂದು ದಿನವೂ ಇಲ್ಲ. ಈ ಮನೆಗೆ ಬಂದ ಸೊಸೆಯರೆಲ್ಲ ಮೊದಲು ಅಲ್ಲಿ ಕೂರಬೇಕು ಅಂತ ಪದ್ಧತಿ. ಅತ್ತೆ ನನಗೆ ಬೇಡ ಅಂದುಬಿಟ್ಟರು. ಕಂಪ್ಯೂಟರ್ ಓದಿದವಳು ಅಂತ ನೇರ ಈ ಕ್ಯಾಬಿನ್ ಕೊಟ್ಟರು."

"ಅಕ್ಕ ಎಷ್ಟು ದಿನ ಕೂತಿದ್ದರು?"

"ಅಕ್ಕ ಎದ್ದೇ ಇಲ್ಲ," ಎಂದಳು ಕಿರಿಸೊಸೆ.

*

ಪರೀಕ್ಷೆ ಕೋಣೆಗೆ ಎರಡು ಬಾಗಿಲು. ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆಗೆಯಬೇಕು, ಗಾಳಿ ಆಡಬಾರದು. ಫ್ಯಾನಿಲ್ಲ, ಕಿಟಕಿಯಿಲ್ಲ. ನೆಲಕ್ಕೆ ಬೇರು ಬಿಟ್ಟ ಹಾಗಿದ್ದ ಕರಿಕಲ್ಲಿನ ಮೇಜು. ಮೂವರಿಗಿಂತ ಹೆಚ್ಚು ಜನ ಒಳಗೆ ಬರುವ ಹಾಗಿಲ್ಲ ಎಂದು ಬಾಗಿಲಲ್ಲೇ ಬರೆದಿತ್ತು. "ನಾನು ಯಜಮಾನರ ಹತ್ರ ಕೂತಿರ್ತೀನಿ, ಸಹಿ ಹಾಕದ ಹಾಗೆ ಮಾತಿಗೆ ಹಿಡೀತೀನಿ," ಎಂದು ತಂಗಿ ಹೊರಗೇ ಉಳಿದಳು.

ಹಿರಿಸೊಸೆ, ಯಜಮಾನರ ಹೆಂಡತಿ, ತಲೆಯೆತ್ತಲಿಲ್ಲ. ಬಿಳಿ ಕೋಟು, ಒಂದು ಕೂದಲೂ ಆಚೀಚೆ ಹೋಗದ ಹಾಗೆ ಬಿಗಿದ ತುರುಬು.

"ಮೇಜಿಗೆ ಒರಗಬೇಡಿ. ನಿಮ್ಮ ಉಸಿರೂ ತೂಕಕ್ಕೆ ಬರುತ್ತೆ ಇಲ್ಲಿ."

"ಉಸಿರು ಬಿಗಿಹಿಡಿದೇ ಬಂದಿದ್ದೀನಿ ತಾಯಿ," ಎಂದಳು ಬೋರ್ಡಕ್ಕ. ಕಿರಿಸೊಸೆಯ ಕಡೆ ತಿರುಗಿ, ಏನೂ ಇಲ್ಲವೆಂಬಂತೆ, "ಆ ಮೂರು ಕಿಲೋ ಕಲ್ಲನ್ನ ತಟ್ಟೆ ಮೇಲೆ ಇಡಮ್ಮ ಸ್ವಲ್ಪ," ಎಂದಳು.

ಕಿರಿಸೊಸೆ ಪೆಟ್ಟಿಗೆ ತೆರೆದಳು. ಮಖಮಲ್ಲಿನ ಗುಳಿಯಿಂದ ಕಲ್ಲನ್ನು, ಅಡುಗೆಮನೆಯಲ್ಲಿ ಡಬ್ಬಿ ಎತ್ತುವ ಹಾಗೆ, ಐದೂ ಬೆರಳಲ್ಲಿ ಹಿಡಿದೆತ್ತಿದಳು.

"ಏಯ್! ಬರಿಗೈ!"

ಹಿರಿಸೊಸೆ ಸ್ಟೂಲು ಉರುಳಿಸಿಕೊಂಡು ಎದ್ದಿದ್ದಳು. ಕೋಟಿನ ಜೇಬಿನಿಂದ ಹಳದಿ ಬಟ್ಟೆ ಯಾವಾಗ ಹೊರಬಂತೋ, ಕಲ್ಲು ಯಾವಾಗ ಅವಳ ಕೈ ಸೇರಿತೋ. ಕಿರುಬೆರಳು ಬಟ್ಟೆಯ ಮೂಲೆಯನ್ನು ಒಳಕ್ಕೆ ಮಡಚಿತು. ಕಲ್ಲು ತಟ್ಟೆಯಲ್ಲಿ ಕೂತಿತು. ಬಟ್ಟೆ ಒಮ್ಮೆ ಒರೆಸಿತು.

ಬೋರ್ಡಕ್ಕ ತನ್ನ ಫೋನನ್ನು ಆ ಕೈಯ ಪಕ್ಕದಲ್ಲೇ ಇಟ್ಟಳು. ನಿಲ್ಲಿಸಿದ ವಿಡಿಯೋ. ಅದೇ ಬಟ್ಟೆ, ಅದೇ ಮಡಿಕೆ, ಅದೇ ಕಿರುಬೆರಳು.

ಕಿರಿಸೊಸೆ ಒಮ್ಮೆ ಫೋನು, ಒಮ್ಮೆ ಆ ಕೈ ನೋಡಿದಳು.

"ಅಕ್ಕಾ..." ಎಂದಳು ಕಿರಿಸೊಸೆ.

"ಅಕ್ಕ ಗಿಕ್ಕ ಅನ್ನಬೇಡ," ಎಂದಳು ಹಿರಿಸೊಸೆ. ಸ್ಟೂಲನ್ನು ಎತ್ತಿ ನಿಲ್ಲಿಸಿ, ಅದರ ಮೇಲೆ ಕೂತಳು. "ಹೌದು, ನನ್ನ ಕೈಯೇ. ಈಗೇನು?"

"ಯಾಕೆ ತಾಯಿ?" ಬೋರ್ಡಕ್ಕ ಮೆಲ್ಲಗೆ ಕೇಳಿದಳು.

"ಯಾಕೆ ಅಂತ ನೀವು ಕೇಳ್ತೀರಾ? ಮದುವೆಯಾದ ಹನ್ನೆರಡನೇ ದಿನ ನನ್ನನ್ನ ಈ ಸ್ಟೂಲಿನ ಮೇಲೆ ಕೂರಿಸಿದರು. ಕೈ ನಡುಗಿದರೆ ಅತ್ತೆ ಮೊಣಕೈಗೆ ತಟ್ಟೋರು. ಇಪ್ಪತ್ತೊಂದು ವರ್ಷ ಆಯ್ತು. ನನ್ನ ಹೆಸರು ಈ ಯಂತ್ರದ ಯಾವ ಮೂಲೇಲೂ ಇಲ್ಲ. ಇವಳು ಬಂದಳು. ಅತ್ತೆ, 'ಪಾಪ, ಓದಿದ ಹುಡುಗಿ, ಇವಳಿಗೆ ಯಾಕೆ ಕಲ್ಲು ಒರೆಸೋ ಕೆಲಸ' ಅಂದರು. ಕಲ್ಲು ಒರೆಸೋ ಕೆಲಸ! ನನ್ನೆದುರಿಗೇ! ಇವಳಿಗೆ ಕ್ಯಾಬಿನ್ನು, ಇವಳ ಮಾತಿಗೆ ಹೊಸ ಮಾದರಿ ಯಂತ್ರ, ಪೇಪರಲ್ಲಿ ಇವಳ ಫೋಟೋ."

"ಆ ಫೋಟೋಗೆ ನೀನೂ ಬಾ ಅಂತ ಕರೆದೆ ಅಕ್ಕ. ನೀನು ಬರಲ್ಲ ಅಂದೆ."

"ಕರೆದೆ, ಬಾಗಿಲಲ್ಲಿ ನಿಂತು! ಒಳಗೆ ಬಂದು ಕೈ ಹಿಡಿದು ಎಳೆದಿದ್ದರೆ ಬರ್ತಿರಲಿಲ್ವಾ?"

ಕಿರಿಸೊಸೆ ಕಲ್ಲಿನ ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು.

"ಹೊಸ ಮಾದರಿಯ ಮೊದಲ ಕಂತಿನಲ್ಲಿ ನೂರು ಯಂತ್ರ ಬಂದವು," ಹಿರಿಸೊಸೆ ಮುಂದುವರಿಸಿದಳು. "ತೊಂಬತ್ತೊಂಬತ್ತು ಸರಿ. ಒಂದು ಅರವತ್ತು ಗ್ರಾಂ ಕಮ್ಮಿ ತೋರಿಸಿತು. ಸುಳ್ಳು ಯಾಕೆ ಹೇಳಲಿ, ಅಲ್ಲಿ ಅರವತ್ತು ಗ್ರಾಂ ಕಮ್ಮಿ ಬಂತು, ಇಲ್ಲಿ ಎದೇಲಿ ಆರು ಕಿಲೋ ಇಳೀತು. ವಿಡಿಯೋ ಮಾಡಿಕೊಂಡೆ. ಅತ್ತೆಗೆ ತೋರಿಸಬೇಕು, ನೋಡಿ ನಿಮ್ಮ ಓದಿದ ಸೊಸೆ ತಂದ ಭಾಗ್ಯ ಅನ್ನಬೇಕು ಅಂತ."

"ಆ ಯಂತ್ರ?" ಬೋರ್ಡಕ್ಕನ ದನಿ ಚೂಪಾಯಿತು. "ಆಸ್ಪತ್ರೆಗೆ ಹೋಯ್ತಾ?"

ಹಿರಿಸೊಸೆ ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ನೋಡಿದಳು. "ನನ್ನನ್ನ ಏನಂದುಕೊಂಡಿರಿ? ಅವತ್ತೇ ಬಿಚ್ಚಿ ಹಾಕಿದೆ. ತಪ್ಪು ತೂಗೋ ಒಂದು ಯಂತ್ರವೂ ಈ ಎರಡು ಬಾಗಿಲು ದಾಟಿಲ್ಲ. ಹೊಟ್ಟೆಕಿಚ್ಚು ಇದೆ ನನಗೆ, ಇಲ್ಲ ಅನ್ನಲ್ಲ. ಆದರೆ ಕೂಸಿನ ತೂಕದಲ್ಲಿ ಅಲ್ಲ."

ಆ ಮಾತನ್ನು ಬೋರ್ಡಕ್ಕ ನಂಬಿದಳು.

"ಮತ್ತೆ ಇಂಟರ್ನೆಟ್ಟಿಗೆ ಹಾಕಿದ್ದು?"

"ನಾನಲ್ಲ. ಚುಕ್ಕೆ, ಬಾಲ ಎಲ್ಲ ನನಗೆ ತಿಳಿಯಲ್ಲ. ಅತ್ತೆಗೆ ತೋರಿಸೋಕೂ ಧೈರ್ಯ ಬರಲಿಲ್ಲ. ಮನೆಯ ಹೆಸರು ಅಲ್ವಾ? ಇಂಥದ್ದು ಹೊರಗೆ ಹೋದರೆ ಹೆಸರಿಗೆ ಏನಾಗುತ್ತೆ ಅಂತ ತಿಳಿದವರನ್ನ ಕೇಳೋಣ ಅಂತ ಒಬ್ಬರಿಗೇ ಒಬ್ಬರಿಗೆ ಕಳಿಸಿದೆ."

"ಯಾರಿಗೆ? ಗಾಜಿನ ಆಫೀಸಿನವಳಿಗಾ?" ಕೇಳುವಾಗ ಬೋರ್ಡಕ್ಕನ ನಾಲಿಗೆಗೆ ಮತ್ತೆ ಆ ಬೆಲ್ಲ.

ಹಿರಿಸೊಸೆ ಅವಳನ್ನು ದಿಟ್ಟಿಸಿದಳು.

"ನಾಟಕ ಆಡ್ತಿದ್ದೀರಾ ಬೋರ್ಡಕ್ಕ? ನಿಮಗೇ. ನಿಮ್ಮ ಆಫೀಸಿನ ನಂಬರಿಗೆ. ಆ ಹೊಸಬಳು ಇವಳ ಕಡೆಯವಳು, ಅವಳನ್ನ ಹೇಗೆ ನಂಬಲಿ? ಎರಡು ನೀಲಿ ಗುರುತು ಬಿತ್ತು, ನೋಡಿದಿರಿ ಅಂತ ಗೊತ್ತಾಯ್ತು. ಉತ್ತರ ಬರಲಿಲ್ಲ. ಆಮೇಲೆ ಬಂದದ್ದು ಈ ಸೈಟು. ಒಂಬತ್ತು ದಿನದಿಂದ ನಿಮ್ಮ ಮೇಲೇ ನನ್ನ ಅನುಮಾನ. ಕೆಲಸ ಹೋದ ಸಿಟ್ಟು ತೀರಿಸಿಕೊಂಡರು ಅಂದುಕೊಂಡೆ. ಬಾಯಿ ಬಿಟ್ಟರೆ ನನ್ನ ಕೈಯೂ ಹೊರಗೆ ಬರುತ್ತೆ, ಅದಕ್ಕೇ ಸುಮ್ಮನಿದ್ದೆ." ಆಮೇಲೆ, ಯಾರ ಮುಖವನ್ನೂ ನೋಡದೆ, "ಇವಳ ಮೇಲೆ ಬಂತಲ್ಲ, ಬರಲಿ ಅಂತಲೂ ಸುಮ್ಮನಿದ್ದೆ," ಎಂದಳು.

ಬೋರ್ಡಕ್ಕ ಆ ವಿಡಿಯೋವನ್ನು ಸೈಟಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಆಫೀಸಿನ ಫೋನು ಅವಳ ಕೈಯಲ್ಲಿ ಇರುತ್ತಿದ್ದದ್ದು ಯಾವತ್ತು?

ಅದು ಇರುತ್ತಿದ್ದದ್ದು ಇನ್ನೊಬ್ಬರ ಕೈಯಲ್ಲಿ.

*

ಎರಡು ಬಾಗಿಲು ದಾಟಿ ಬರುವಷ್ಟರಲ್ಲಿ ಮೂರೂಮುಕ್ಕಾಲು. ಓಣಿಯಂಥ ಉದ್ದನೆಯ ವರಾಂಡದಲ್ಲಿ ಪ್ಯಾಕಿಂಗ್ ಪೆಟ್ಟಿಗೆಗಳು ಎದೆಯೆತ್ತರಕ್ಕೆ ನಿಂತಿದ್ದವು. ಅವುಗಳ ಮರೆಯಲ್ಲಿ ನಿಂತು, ಒಂದೂವರೆ ವರ್ಷದಲ್ಲಿ ಮೊದಲ ಸಲ, ಬೋರ್ಡಕ್ಕ ಆ ನಂಬರನ್ನು ಒತ್ತಿದಳು.

"ಅಕ್ಕಾ!" ಎಂದಿತು ಆ ಕಡೆಯ ದನಿ. ಎಷ್ಟು ದೊಡ್ಡವಳಾದರೂ ಶಿಷ್ಯೆಯ ದನಿ ಹಾಗೇ, ಬಾಗಿಲ ಹಿಂದಿನಿಂದ ಇಣುಕುವ ಮಗುವಿನದು. "ಕೊನೆಗೂ ಫೋನ್ ಮಾಡಿದ್ರಿ."

"ಕುಶಲ ಆಮೇಲೆ. ಆ ಹೆಸರು ತಗೊಳ್ಳೋಕೆ ತೋರಿಸಿದ ಕಡತ ಯಾವುದು? ಪ್ರತಿ ಕಡತಕ್ಕೂ ಒಂದು ಸಂಖ್ಯೆ ಇರುತ್ತೆ. ಮಾಲೀಕರ ಏಜೆಂಟು ಕೇಳಿದರೆ ಹೆಸರು ನೋಂದಾಯಿಸೋರು ಹೇಳ್ತಾರೆ. ನೀನು ಕೇಳಿರ್ತೀಯ."

"ಬೇಡ ಅಕ್ಕ."

"ಓದು."

"ಬೇಡ ಅಂದೆನಲ್ಲ."

"ನಾನು ಕಲಿಸಿದವಳಾದರೆ ಓದು."

ಶಿಷ್ಯೆ ಓದಿದಳು. ನಾಲ್ಕನೇ ಅಂಕಿಗೇ ಬೋರ್ಡಕ್ಕನ ಬೆನ್ನು ಪೆಟ್ಟಿಗೆಗೆ ಆನಿಕೊಂಡಿತು. ಅದು ಏಜೆನ್ಸಿ ಮಾಡಿಸಿಕೊಂಡ ಹೊಸ ಕಡತದ್ದಲ್ಲ; ಹನ್ನೊಂದು ವರ್ಷ ಕಾದ ಹೆಸರಿನ ಹಳೆಯ ಕಡತದ ಸಂಖ್ಯೆ, ಅವಳಿಗೆ ಬಾಯಿಪಾಠ. ಕೆಲಸ ಬಿಟ್ಟುಕೊಟ್ಟ ದಿನ ಅದನ್ನು ತನ್ನ ಖಾತೆಯಿಂದ ಅಳಿಸಬೇಕಿತ್ತು. ಅಳಿಸಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟು, ಇರಲಿ ಬಿಡು, ಒಂದು ನೆನಪಿಗೆ ಎಂದು ತೆಗೆದಿದ್ದಳು. ನೆನಪಿಗಲ್ಲ. ಶಿಷ್ಯೆಯ ಕೈಗೆ ಪೂರ್ತಿ ಹೋಗಿಬಿಡಬಾರದು ಎಂದು. ಆ ಉರಿಯನ್ನೇ ಅವಳು ನೆನಪು ಎಂದು ಕರೆದುಕೊಂಡಿದ್ದಳು.

"ನನಗೆ ಮೊದಲ ದಿನವೇ ಗೊತ್ತಾಯ್ತು," ಎನ್ನುತ್ತಿದ್ದಳು ಶಿಷ್ಯೆ. "ಯಾರಿಗೂ ಹೇಳಲಿಲ್ಲ. ನೀವು ಮಾಡೋರಲ್ಲ ಅಂತ ನನಗೆ ಗೊತ್ತು. ಆದರೆ ನಿಮ್ಮ ಆಫೀಸಿನ ಕಂಪ್ಯೂಟರ್ ಮುಟ್ಟೋರು ಇಬ್ಬರೇ ಅಲ್ವಾ ಅಕ್ಕ? ನಾನು ಅಲ್ಲಿ ಕಲೀತಿದ್ದಾಗ, ನೀವು ಊಟಕ್ಕೆ ಎದ್ದ ಮೇಲೆ ಅವಳು ಬಂದು ನನ್ನ ಹಿಂದೆ ನಿಲ್ತಿದ್ದಳು. 'ಅಕ್ಕ ಇವತ್ತು ಏನು ಹೇಳಿಕೊಟ್ಟಳು, ನನಗೂ ತೋರಿಸು' ಅಂತ. ನಾನು ತೋರಿಸ್ತಿದ್ದೆ."

ಬೋರ್ಡಕ್ಕ ಕಣ್ಣು ಮುಚ್ಚಿದಳು. 'ನನಗೂ ಕಲಿಸು' ಎಂದು ತಂಗಿ ಕೇಳಿದ್ದು ಎಷ್ಟು ಸಲ? 'ನಿನಗೆ ತಲೆಗೆ ಹತ್ತಲ್ಲ, ಹೋಗಿ ಫೋನ್ ಎತ್ತು' ಎಂದದ್ದು ಎಷ್ಟು ಸಲ?

"ಇನ್ನೊಂದು ವಿಷಯ ಅಕ್ಕ. ಇವತ್ತು ಮಧ್ಯಾಹ್ನ ಯಜಮಾನರು ಬರಹದಲ್ಲಿ ಕೇಳಿದರು. ನಾನು ಅವರ ಏಜೆಂಟು, ಇಲ್ಲ ಅನ್ನೋಕಾಗಲ್ಲ. ಮೂರೂವರೆಗೆ ಕಳಿಸಿದೆ. ಕಡತ ಯಾರ ಖಾತೆಯದು ಅಂತ ಅದರಲ್ಲಿದೆ."

"ಮಾಡಬೇಕಾದ್ದನ್ನೇ ಮಾಡಿದೆ," ಎಂದಳು ಬೋರ್ಡಕ್ಕ. ಒಂದೂವರೆ ವರ್ಷದಲ್ಲಿ ಆ ಹುಡುಗಿಗೆ ಅವಳಾಡಿದ ಮೊದಲ ಒಳ್ಳೆಯ ಮಾತು ಅದು.

ಫೋನಿಟ್ಟು ತಕ್ಷಣ ತನ್ನ ಖಾತೆ ತೆರೆಯಹೋದಳು. ಹೆಸರು ತನ್ನ ಖಾತೆಯಲ್ಲಿದ್ದರೆ ಸೈಟನ್ನು ಆರಿಸುವುದೂ ತನ್ನ ಕೈಯಲ್ಲೇ. ಎರಡು ಗುಂಡಿ ಒತ್ತಿದರೆ ಆಯಿತು. ಆಮೇಲೆ ಯಜಮಾನರ ಕಾಲಿಗೆ ಬಿದ್ದಾದರೂ ವಿಷಯ ಮನೆಯೊಳಗೇ ಮುಗಿಸಬಹುದು.

ಪಾಸ್‌ವರ್ಡ್ ತಪ್ಪು, ಎಂದಿತು ಪರದೆ.

ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಒತ್ತಿದಳು.

ಪಾಸ್‌ವರ್ಡ್ ತಪ್ಪು.

ಮೂರನೇ ಸಲ ಪರದೆ ಇನ್ನೊಂದು ಸಾಲು ಸೇರಿಸಿತು. ಅದನ್ನು ಬದಲಾಯಿಸಿ ಹತ್ತು ದಿನವಾಗಿದೆಯಂತೆ.

*

ಯಜಮಾನರ ಕೋಣೆಯಲ್ಲಿ ಚಹಾ ಆರಿತ್ತು. ತಂಗಿ ಸೋಫಾದ ಮೂಲೆಯಲ್ಲಿ ಕೂತು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಯಜಮಾನರ ಮಗನ ಚಿಕ್ಕಂದಿನ ಫೋಟೋ ನೋಡಿ ಲೊಚಗುಟ್ಟುತ್ತಿದ್ದಳು. "ಅಪ್ಪನ ಮೂಗೇ ಬಂದಿದೆ ನೋಡಿ, ಪಾಪ."

ಯಜಮಾನರು ನಗಲಿಲ್ಲ. ಅವರ ಮುಂದೆ ಎರಡು ಹಾಳೆಗಳು. ಒಂದು ದೂರು. ಇನ್ನೊಂದು ಈಗತಾನೇ ಪ್ರಿಂಟರಿನಿಂದ ಹೊರಬಂದದ್ದು.

ಬೋರ್ಡಕ್ಕನ ಹಿಂದೆಯೇ ಸೊಸೆಯರಿಬ್ಬರೂ ಬಂದು ಬಾಗಿಲಲ್ಲಿ ನಿಂತರು. ಒಬ್ಬಳ ಭುಜಕ್ಕೆ ಒಬ್ಬಳ ಭುಜ ತಾಗದ ಹಾಗೆ.

"ಕೂತ್ಕೊಳ್ಳಿ ಬೋರ್ಡಕ್ಕ."

"ನಿಂತೇ ಇರ್ತೀನಿ."

"ನಾನು ಬಳಸಿ ಮಾತಾಡೋನಲ್ಲ. ಈ ಕಡತದ ಸಂಖ್ಯೆ ನಿಮ್ಮ ಖಾತೆಯದು ಅಂತ ಬರೆದಿದ್ದಾರೆ. ನಿಜವಾ?"

"ನಿಜ."

ಬಾಗಿಲಲ್ಲಿ ಕಿರಿಸೊಸೆ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಹನ್ನೊಂದು ವರ್ಷ ನಮ್ಮ ಮನೆ ಹೆಸರನ್ನ ನಿಮ್ಮ ಕೈಯಲ್ಲಿಟ್ಟು ನಿದ್ದೆ ಮಾಡಿದ್ವಿ," ಎಂದರು ಯಜಮಾನರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. "ಬೇಲಿಯೇ ಹೊಲ ಮೇಯ್ತಾ?"

"ಭಾವ, ಬೋರ್ಡಕ್ಕ ಅಂಥವರಲ್ಲ," ಎಂದಳು ಕಿರಿಸೊಸೆ.

"ಅಂಥವರಲ್ಲ ಅಂದರೆ ಇನ್ಯಾರು? ನಾನು ಒಂದು ಹೆಸರು ಬರೀಬೇಕಮ್ಮ. ನಾಳೆ ಬೆಳಿಗ್ಗೆ ಆಸ್ಪತ್ರೆಗಳಿಗೆ ತೋರಿಸಬೇಕು. ನಿನ್ನ ಹೆಸರು ಇರಬೇಕಾ, ಇನ್ನೊಬ್ಬರದು ಇರಬೇಕಾ? ಬೋರ್ಡಕ್ಕ, ನಿಮ್ಮ ಖಾತೆ ನಿಮಗಲ್ಲದೆ ಇನ್ಯಾರಿಗಾದರೂ ಗೊತ್ತಾ?"

ಬೋರ್ಡಕ್ಕ ತಂಗಿಯ ಕಡೆ ನೋಡಿದಳು.

ತಂಗಿಯೂ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಹೆದರಿಕೆ ಹುಡುಕಿದಳು ಬೋರ್ಡಕ್ಕ. ಒಂದು ಚೂರು ಪಶ್ಚಾತ್ತಾಪ ಹುಡುಕಿದಳು. ಚಿಕ್ಕಂದಿನಲ್ಲಿ ಬಣ್ಣದ ಡಬ್ಬಿ ಚೆಲ್ಲಿ ಬಾಗಿಲ ಸಂದಿಯಲ್ಲಿ ಅವಿತುಕೊಳ್ಳುತ್ತಿದ್ದ ಹುಡುಗಿಯ ಗುರುತಾದರೂ ಇದೆಯೇ ಎಂದು ಹುಡುಕಿದಳು. ಅಲ್ಲಿದ್ದದ್ದು ಕಾತರ. ನಲವತ್ತು ವರ್ಷ ಕಾದು, ಕೊನೆಗೂ ಅಕ್ಕ ತನ್ನನ್ನು ಪೂರ್ತಿಯಾಗಿ ನೋಡುತ್ತಿದ್ದಾಳೆ ಎಂಬ ಕಾತರ.

ಈಗ ಎದ್ದು ನಿಲ್ಲುತ್ತಾಳೆ, ಅಂದುಕೊಂಡಳು ಬೋರ್ಡಕ್ಕ. ಈಗ ಬಾಯಿ ಬಿಡುತ್ತಾಳೆ. ಎಷ್ಟಾದರೂ ನನ್ನ ಬೆನ್ನಿಗೆ ಬಿದ್ದವಳು.

ತಂಗಿ ಚಹಾದ ಲೋಟವನ್ನು ತುಟಿಗಿಟ್ಟುಕೊಂಡಳು.

"ಇಲ್ಲ," ಎಂದಳು ಬೋರ್ಡಕ್ಕ. "ಯಾರಿಗೂ ಗೊತ್ತಿಲ್ಲ. ನನಗೊಬ್ಬಳಿಗೇ."

ಯಜಮಾನರು ಪೆನ್ನು ತೆಗೆದರು. ದೂರಿನ ಎರಡನೇ ಸಾಲಿನಲ್ಲಿದ್ದ ತಮ್ಮನ ಹೆಂಡತಿಯ ಹೆಸರನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಅದರ ಮೇಲೆ ಇನ್ನೊಂದು ಹೆಸರನ್ನು ನಿಧಾನವಾಗಿ ಬರೆದು, ಸಹಿ ಹಾಕಿದರು. ಹಿರಿಸೊಸೆ ಏನೋ ಹೇಳಲು ಒಂದು ಹೆಜ್ಜೆ ಮುಂದಿಟ್ಟವಳು, ಬೋರ್ಡಕ್ಕ ತಲೆಯಾಡಿಸಿದ್ದನ್ನು ಕಂಡು ಅಲ್ಲೇ ನಿಂತಳು.

ಹೊರಗೆ ಗೇಟಿನಲ್ಲಿ, ನಾಲ್ಕು ಗಂಟೆಗೆ ಬರಹೇಳಿದ್ದ ಪೊಲೀಸ್ ಗಾಡಿ ನಿಂತ ಸದ್ದಾಯಿತು.

ತಂಗಿ ಲೋಟವನ್ನು ಮೇಜಿನ ಮೇಲಿಟ್ಟಳು. ಕೈಚೀಲವನ್ನು ಭುಜಕ್ಕೇರಿಸಿ, ಅಕ್ಕನ ಹತ್ತಿರ ಬಂದು, ಸೆರಗಿನ ಮಡಿಕೆ ಸರಿಮಾಡಿದಳು. ಆಮೇಲೆ ಅಂಗೈ ಚಾಚಿದಳು.

"ಆಫೀಸಿನ ಬೀಗದ ಕೈ ಕೊಟ್ಟು ಹೋಗಕ್ಕ," ಎಂದಳು. "ನಾಳೆ ಬೆಳಿಗ್ಗೆ ಯಾರಾದರೂ ಬಾಗಿಲು ತೆಗೀಬೇಕಲ್ಲ."